‘ಸೆಟ್’ ಜೊತೆ ನನ್ನ ಗುದ್ದಾಟ

ಮೈಕ್ರೋವೇವ್ ಓವನ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿತ್ತು. ಕೊಟ್ಟಿದ್ದು ಒಂದು ಎಕ್ಸೆಲ್ ಹಾಳೆ. ಚಿತ್ರವಿಲ್ಲ, ಹಿಂದುಮುಂದಿಲ್ಲ, ಬರೀ ಸಾಲುಗಳು. ಒಂದು ಸಾಲಿನಲ್ಲಿ ‘ಸೆಟ್’ ಅಂತ ಮಾತ್ರ ಇತ್ತು. ಗುಂಡಿಯ ಹೆಸರಿರಬೇಕು ಅಂದುಕೊಂಡು ‘ಹೊಂದಿಸಿ’ ಎಂದು ಬರೆದು ಮುಂದೆ ಹೋದೆ.

ಅನುವಾದದ ಸಾಫ್ಟ್‌ವೇರ್‌ಗೆ ಒಂದು ಚಾಳಿ ಇದೆ. ಒಮ್ಮೆ ಬರೆದದ್ದನ್ನು ನೆನಪಿಟ್ಟುಕೊಂಡು, ಅದೇ ಸಾಲು ಮತ್ತೆ ಬಂದರೆ ತಾನೇ ತುಂಬಿಬಿಡುತ್ತದೆ. ಕೊನೇ ಪುಟದ ಪಾತ್ರೆಗಳ ಪಟ್ಟಿಯಲ್ಲಿ ಹೀಗಾಯಿತು: ‘ಗಾಜಿನ ಬಟ್ಟಲು – 1 ಹೊಂದಿಸಿ’.

ಆಮೇಲೆ ಕುತೂಹಲಕ್ಕೆ ಹುಡುಕಿದೆ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಈ ಪದದ್ದೇ. ಅರ್ಥಗಳು 430ಕ್ಕೂ ಜಾಸ್ತಿ! ಈಗ ‘ರನ್’ ಇದನ್ನು ಹಿಂದೆ ಹಾಕಿದೆ. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ.

ಅರ್ಥ ಎಷ್ಟೇ ಇರಲಿ, ಸಂದರ್ಭ ಗೊತ್ತಾದರೆ ಸಂಭಾಳಿಸಬಹುದು. ನನಗೆ ಹೆಚ್ಚು ಕಾಟ ಕೊಟ್ಟಿದ್ದು ಕಾಲ. ಇಂಗ್ಲಿಷಿನಲ್ಲಿ ಈ ಪದ ಭೂತಕಾಲದಲ್ಲೂ ಬದಲಾಗುವುದಿಲ್ಲ. ‘ಟೈಮರ್ ಸೆಟ್’ ಎಂದರೆ ಗುಂಡಿಯ ಹೆಸರೋ, ಕೆಲಸ ಮುಗಿದ ಸೂಚನೆಯೋ? ಕನ್ನಡದಲ್ಲಿ ‘ಟೈಮರ್ ಇಡಿ’ ಬೇರೆ, ‘ಟೈಮರ್ ಇಟ್ಟಾಯಿತು’ ಬೇರೆ. ಎರಡಕ್ಕೂ ಹೊಂದುವ ಹಾಗೆ ಬರೆಯಲು ನಮ್ಮ ಕ್ರಿಯಾಪದ ಬಿಡುವುದಿಲ್ಲ, ಅಲ್ವಾ?

ಹಾಗಾಗಿ ‘ಸೆಟ್’ ಇರುವ ಸಾಲುಗಳನ್ನೆಲ್ಲ ಒಂದೆಡೆ ಹೆಕ್ಕಿ ತೆಗೆದೆ. ಪ್ರತಿಯೊಂದರ ಪಕ್ಕ ‘ಯಾರು ಹೇಳುತ್ತಿದ್ದಾರೆ, ಮನುಷ್ಯನೋ ಯಂತ್ರವೋ?’ ಎಂದು ಗುರುತು ಹಾಕಿದೆ. ತಿಳಿಯದವಕ್ಕೆ ಯಂತ್ರದ ಫೋಟೋ ಕೇಳಿ ತರಿಸಿಕೊಂಡೆ. ಈಗಲೂ ಫೋಟೋ ಇಲ್ಲದೆ ಕೆಲಸ ಶುರು ಮಾಡುವುದಿಲ್ಲ.

ಅಡುಗೆಯ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. ಪುಡಿಂಗ್ ಸೆಟ್ ಆಗಲು ಬಿಡಿ ಎನ್ನುವಲ್ಲಿ ‘ಹೆಪ್ಪುಗಟ್ಟಲಿ’ ಎಂದು ಬರೆದಿದ್ದೆ. “ಪುಡಿಂಗ್‌ಗೂ ಹೆಪ್ಪು ಹಾಕ್ತಾರೇನೋ?” ಎಂದು ನಕ್ಕರು. ‘ಗಟ್ಟಿಯಾಗಲಿ’ ಎಂದು ತಿದ್ದಿದೆ.

ಬಟ್ಟಲಿನ ಸಾಲಿಗೆ ‘1 ಸೆಟ್’ ಎಂದೇ ಹಾಕಿದೆ. ಪರಿಶೀಲಿಸಿದವರು ಅದನ್ನು ಹೊಡೆದು ‘ಗುಚ್ಛ’ ಮಾಡಿದರು. ಬಟ್ಟಲೇನು ಹೂವೇ? ಹೋಟೆಲಲ್ಲಿ ಸೆಟ್ ದೋಸೆ ತಿನ್ನುತ್ತೇವೆ, ಮೇಸ್ತ್ರಿ ‘ಕಾಂಕ್ರೀಟ್ ಸೆಟ್ಟಾಗಲಿ’ ಅನ್ನುತ್ತಾರೆ. ಇದನ್ನೆಲ್ಲ ಬರೆದು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಕೊನೆಗೆ ಅಚ್ಚಾಗಿ ಬಂದ ಪುಸ್ತಕದಲ್ಲಿ ‘1 ಸೆಟ್’ ಇತ್ತು.