ಅಮೆರಿಕ ಸಂಸತ್ತಿನ ಆರೋಗ್ಯ ಜಟಾಪಟಿ: ಸುದ್ದಿ ಓದುವುದು ಹೇಗೆ?

2025ರ ಅಕ್ಟೋಬರ್ 1ರಂದು ಶುರುವಾದ ಅಮೆರಿಕದ ಶಟ್‌ಡೌನ್ (ಖರ್ಚಿಗೆ ಸಂಸತ್ತಿನ ಅನುಮೋದನೆ ಸಿಗದೆ ಸರ್ಕಾರಿ ಕೆಲಸ ನಿಲ್ಲುವುದು) 43 ದಿನ ನಡೆಯಿತು. ಅಲ್ಲಿಯವರೆಗೆ ಆ ದೇಶ ಅಷ್ಟು ದೀರ್ಘ ಶಟ್‌ಡೌನ್ ಕಂಡಿರಲಿಲ್ಲ. ಜಗಳ ಆರೋಗ್ಯ ವಿಮೆಯ ಸಹಾಯಧನದ್ದು. ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳ ಆರೋಪ, ಪ್ರತ್ಯಾರೋಪಗಳನ್ನು ಬದಿಗಿಟ್ಟು ಮುಂದಿನ ಕ್ರಮದಲ್ಲಿ ಓದಿದರೆ ಇಂಥ ಸುದ್ದಿಯ ಒಳಗುಟ್ಟು ಬೇಗ ತಿಳಿಯುತ್ತದೆ.

ಮೊದಲು, ಯಾರೂ ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಸರ್ಕಾರದ ಖರ್ಚನ್ನು ಮೂರು ಬಗೆಯಾಗಿ ನೋಡಬಹುದು. 1965ರಲ್ಲಿ ಹುಟ್ಟಿದ ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ) ಮತ್ತು ಮೆಡಿಕೇಡ್ (ಬಡವರ ಸರ್ಕಾರಿ ವಿಮೆ) ಕಾನೂನಿನ ಬಲದಿಂದಲೇ ನಡೆಯುತ್ತವೆ. ಸಂಸತ್ತು ಸ್ತಬ್ಧವಾದರೂ ಅವು ನಿಲ್ಲುವುದಿಲ್ಲ. ಇಲಾಖೆಗಳ ವಾರ್ಷಿಕ ಖರ್ಚಿಗೆ ಪ್ರತಿ ವರ್ಷ ಅನುಮೋದನೆ ಬೇಕು. ಅದು ಸಿಗದಿದ್ದರೆ ಶಟ್‌ಡೌನ್. ಮೂರನೆಯ ಬಗೆಯದು ಗಡುವು ಹೊತ್ತ ನೆರವು. ಒಬಾಮಕೇರ್ (ಒಬಾಮ ಕಾಲದ ಆರೋಗ್ಯ ಕಾನೂನು) ಅಡಿ ವಿಮೆ ಕೊಳ್ಳುವವರಿಗೆ 2021ರಲ್ಲಿ ಹೆಚ್ಚಿಸಿದ ಸಹಾಯಧನವನ್ನು 2022ರಲ್ಲಿ ವಿಸ್ತರಿಸಿದಾಗ, 2025ರ ಕೊನೆಯವರೆಗೆ ಎಂದು ಬರೆದಿದ್ದರು. ಅದನ್ನು ರದ್ದುಮಾಡಲು ಯಾರೂ ಮತ ಹಾಕಬೇಕಿರಲಿಲ್ಲ, ಸುಮ್ಮನೆ ಕುಳಿತರೆ ಸಾಕಿತ್ತು. ಅದಕ್ಕೇ ಡೆಮಾಕ್ರಟರು ಅದರ ವಿಸ್ತರಣೆಯನ್ನು ಸರ್ಕಾರದ ಖರ್ಚಿನ ಮಸೂದೆಗೆ ಗಂಟುಹಾಕಿದರು.

ಎರಡನೆಯದಾಗಿ, ಮತ ಲೆಕ್ಕ ಹಾಕಿ. ಆದರೆ ಯಾವ ನಿಯಮದ ಅಡಿಯಲ್ಲಿ ಎಂಬುದನ್ನು ಮೊದಲು ನೋಡಿ. ಮೇಲ್ಮನೆಯಾದ 100 ಸದಸ್ಯರ ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಚರ್ಚೆಗೆ ತೆರೆ ಎಳೆಯಲು 60 ಮತ ಬೇಕು. ಬಜೆಟ್‌ಗೆ ಸಂಬಂಧಿಸಿದ ಕೆಲವು ಮಸೂದೆಗಳಿಗೆ ಮಾತ್ರ 1974ರ ಕಾನೂನು ಬೇರೆ ದಾರಿ ಕೊಟ್ಟಿದೆ. ಅಲ್ಲಿ ಸರಳ ಬಹುಮತ ಸಾಕು. 2025ರ ಜುಲೈನಲ್ಲಿ ಮೆಡಿಕೇಡ್ ವೆಚ್ಚಕ್ಕೆ ಕತ್ತರಿ ಹಾಕಿದ ಮಸೂದೆ ಈ ದಾರಿಯಲ್ಲೇ ಬಂತು: 50–50 ಸಮಬಲ, ಉಪಾಧ್ಯಕ್ಷರ ಒಂದು ಮತದಿಂದ ಗೆಲುವು. ಅದೇ ವರ್ಷದ ಡಿಸೆಂಬರ್ 11ರಂದು ಸಹಾಯಧನವನ್ನು ಮೂರು ವರ್ಷ ಮುಂದುವರಿಸುವ ಮಸೂದೆಯ ಪರ 51, ವಿರುದ್ಧ 48 ಮತ ಬಿದ್ದವು. 60 ತಲುಪದೆ ಅದು ಸೋತಿತು. ಕಾಯಿಲೆಯವರ ಹಣ ಕಡಿತಗೊಳಿಸುವುದು ಸುಲಭ, ಉಳಿಸುವುದು ಕಷ್ಟ ಎಂಬಂಥ ಈ ಫಲಿತಾಂಶ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಆಮೇಲೆ, ಸಂಸತ್ತಿನ ದಿನಾಂಕಗಳ ಪಕ್ಕದಲ್ಲಿ ವಿಮೆ ಕೊಳ್ಳುವವರ ದಿನಾಂಕಗಳನ್ನು ಬರೆದುಕೊಳ್ಳಿ. ನೋಂದಣಿ ಆರಂಭ ನವೆಂಬರ್ 1ಕ್ಕೆ. ಹೆಚ್ಚಿನ ರಾಜ್ಯಗಳಲ್ಲಿ ಜನವರಿ 1ರಿಂದ ರಕ್ಷಣೆ ಬೇಕಿದ್ದರೆ ಡಿಸೆಂಬರ್ 15ರೊಳಗೆ ಆಯ್ಕೆ ಮುಗಿಸಬೇಕು. ಶಟ್‌ಡೌನ್ ಮುಗಿದದ್ದು ನವೆಂಬರ್ 12ಕ್ಕೆ. ಅದಕ್ಕೆ ಪ್ರತಿಯಾಗಿ ಸಹಾಯಧನದ ಬಗ್ಗೆ ಡೆಮಾಕ್ರಟರಿಗೆ ಸಿಕ್ಕದ್ದು ಡಿಸೆಂಬರ್‌ನಲ್ಲಿ ವಿಷಯವನ್ನು ಮತಕ್ಕೆ ಹಾಕುವ ಭರವಸೆ ಅಷ್ಟೆ. ಮತಕ್ಕೆ ಹಾಕುವುದು ಬೇರೆ, ಅಂಗೀಕರಿಸುವುದು ಬೇರೆ. ‘ಒಪ್ಪಂದ’ ಎಂಬ ತಲೆಬರಹ ಕಂಡಾಗ ಇದನ್ನು ತಪ್ಪದೆ ಪರಿಶೀಲಿಸಿ.

ಕೊನೆಗೆ, ಮೊತ್ತವನ್ನು ಒಬ್ಬರ ಮನೆಗೆ ಇಳಿಸಿ ನೋಡಿ. 62 ವರ್ಷದ, ಒಂಟಿಯಾಗಿ ಬದುಕುವ, ಸ್ವಂತ ದುಡಿಮೆಯ ವ್ಯಕ್ತಿಯೊಬ್ಬರಿದ್ದಾರೆ ಎಂದುಕೊಳ್ಳಿ. ಮೆಡಿಕೇರ್ ಸಿಗಲು 65 ತುಂಬಬೇಕು. ವಯಸ್ಸಾದವರಿಗೆ ಕಂಪನಿಗಳು ಯುವಕರ ಮೂರು ಪಟ್ಟಿನವರೆಗೂ ಪ್ರೀಮಿಯಂ ಹಾಕಬಹುದು. ಹೆಚ್ಚಿಸಿದ ಸಹಾಯಧನ ಇದ್ದಷ್ಟು ದಿನ, ಮಾನದಂಡದ ಪಾಲಿಸಿಗೆ (ಸಹಾಯಧನ ಲೆಕ್ಕಹಾಕಲು ಆಧಾರವಾಗುವ ಪಾಲಿಸಿ) ಆದಾಯದ ಶೇ 8.5ಕ್ಕಿಂತ ಹೆಚ್ಚು ಕೊಡಬೇಕಿರಲಿಲ್ಲ. 2026ರಲ್ಲಿ ಹಳೆಯ ಮಿತಿ ಮರಳಿತು: ವಾರ್ಷಿಕ ಆದಾಯ 62,600 ಡಾಲರ್ ದಾಟಿದರೆ ನೆರವು ಪೂರ್ತಿ ನಿಲ್ಲುತ್ತದೆ, ದಾಟಿದ್ದು ನೂರೇ ಡಾಲರ್ ಆದರೂ.

ಹೆಚ್ಚಿಸಿದ ಸಹಾಯಧನ ಕೋವಿಡ್ ಕಾಲದ ತಾತ್ಕಾಲಿಕ ನೆರವು, ಹಣ ವಿಮಾ ಕಂಪನಿಗಳಿಗೆ ಹೋಗುತ್ತದೆ ಎಂಬುದು ರಿಪಬ್ಲಿಕನ್ನರ ವಾದ. ಅದನ್ನು ಚರ್ಚಿಸಲು ಮೂರು ವರ್ಷ ಸಮಯವಿತ್ತು.

ಸಭಾಧ್ಯಕ್ಷರು ಮಸೂದೆಯನ್ನು ಕೈಗೆತ್ತಿಕೊಳ್ಳದಿದ್ದರೂ ಕೆಳಮನೆಯಲ್ಲಿ ಒಂದು ದಾರಿಯಿದೆ: 435 ಸದಸ್ಯರಲ್ಲಿ 218 ಮಂದಿ ಸಹಿ ಹಾಕಿದರೆ ಅದು ಮತಕ್ಕೆ ಬರಲೇಬೇಕು. ಡಿಸೆಂಬರ್‌ನಲ್ಲಿ ಸಹಾಯಧನ ಮುಂದುವರಿಸುವ ಮಸೂದೆಗಾಗಿ ನಾಲ್ವರು ರಿಪಬ್ಲಿಕನ್ನರೂ ಸಹಿ ಮಾಡಿ ಆ ಸಂಖ್ಯೆ ತುಂಬಿಸಿದರು. ಮತದಾನ ಮಾತ್ರ ನಡೆದದ್ದು ಜನವರಿಯಲ್ಲಿ, ಸಹಾಯಧನದ ಅವಧಿ ಮುಗಿದ ಮೇಲೆ.