ಬಾರ್ಬೆಕ್ಯೂಗೆ ಬ್ರಷ್ ಬೇಕೋ, ಮಾಪ್ ಬೇಕೋ?

ಕೆಂಡದ ಮೇಲೆ ಬೇಯುತ್ತಿರುವ ಮಾಂಸಕ್ಕೆ ಸಾಸ್ ಸವರುವ ಸಾಧನವನ್ನು ಕೊಳ್ಳುವ ಮುನ್ನ, ಸವರಬೇಕಾದ ದ್ರವವು ತೆಳುವಾಗಿದೆಯೋ ಮಂದವಾಗಿದೆಯೋ ಎಂಬುದನ್ನು ನೋಡಿಕೊಳ್ಳಬೇಕು. ಉಳಿದ ಲೆಕ್ಕಾಚಾರವೆಲ್ಲ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ವಿನೆಗರ್, ಉಪ್ಪು, ಖಾರದ ಪುಡಿ ಬೆರೆತ ನೀರಾದ ಮಿಶ್ರಣವನ್ನು ದೊಡ್ಡ ತುಂಡುಗಳಿಗೆ ಗಂಟೆಗಟ್ಟಲೆ ಆಗಾಗ ಹಚ್ಚುವುದಿದ್ದರೆ ಹತ್ತಿ ಎಳೆಗಳ ಮಾಪ್ ಸೂಕ್ತ. ನೆಲ ಒರೆಸುವ ಮಾಪ್‌ನ ಪುಟ್ಟ ರೂಪದಂತಿರುವ ಇದು ಒಮ್ಮೆ ಅದ್ದಿದರೆ ಸಾಕಷ್ಟು ದ್ರವವನ್ನು ಹೀರಿಕೊಳ್ಳುತ್ತದೆ. ಉಜ್ಜದೆ ಮೆಲ್ಲನೆ ಒತ್ತಿದರೆ ಅದನ್ನು ಬಿಟ್ಟುಕೊಡುತ್ತದೆ. ಹೀಗಾಗಿ ಮಾಂಸಕ್ಕೆ ಮೊದಲೇ ಹಚ್ಚಿದ ಒಣ ಮಸಾಲೆ ಕಿತ್ತುಬರುವ ಸಂಭವ ಕಡಿಮೆ. ಆದರೆ ಮಂದವಾದ ಸಾಸ್ ಎಳೆಗಳ ನಡುವೆ ಸಿಕ್ಕಿಕೊಂಡು, ಮಾಂಸಕ್ಕೆ ತಲುಪುವುದಕ್ಕಿಂತ ಮಾಪ್‌ನಲ್ಲೇ ಹೆಚ್ಚಾಗಿ ಉಳಿಯುತ್ತದೆ. ತಲೆಯ ಭಾಗವನ್ನು ಬಿಚ್ಚಿ ಬೇರೆಯಾಗಿ ತೊಳೆಯಬಹುದಾದ ಮಾಪ್ ಅನ್ನೇ ಆರಿಸಿ, ಬಳಸಿದ ಮೇಲೆ ಸೋಪು ನೀರಿನಲ್ಲಿ ತೊಳೆದು, ಕುದಿಸಿ, ಪೂರ್ತಿ ಒಣಗಿಸಬೇಕು. ತೇವ ಉಳಿದರೆ ವಾಸನೆಯೂ ಬೂಷ್ಟೂ ಖಂಡಿತ.

ಮಂದ ಹಾಗೂ ಸಿಹಿ ಸಾಸ್‌ಗೆ ಬ್ರಷ್ಷೇ ಸರಿ, ಅದರಲ್ಲೂ ಸಿಲಿಕೋನ್ ಬ್ರಷ್ ಎಂಬುದು ನನ್ನ ಅಭಿಪ್ರಾಯ. ಅದರ ಎಳೆಗಳು ಉದುರುವುದಿಲ್ಲ, ತೊಳೆಯುವುದೂ ಸುಲಭ. ಉತ್ತಮ ಸಿಲಿಕೋನ್ ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವನ್ನು ತಾಳಬಲ್ಲದಾದರೂ, ಎಷ್ಟು ಶಾಖದವರೆಗೆ ಎಂಬುದನ್ನು ಪೊಟ್ಟಣದ ಮೇಲೆ ಓದಿ ಖಚಿತಪಡಿಸಿಕೊಳ್ಳಬೇಕು. ನುಣುಪಾದ ಎಳೆಗಳಿಂದ ತೆಳು ದ್ರವ ಜಾರಿ ತೊಟ್ಟಿಕ್ಕುವುದು ಇದರ ದೊಡ್ಡ ಕೊರತೆ. ನಡುವೆ ರಂಧ್ರಗಳಿರುವ ಪಟ್ಟಿಗಳುಳ್ಳ ಬ್ರಷ್ ಈ ಕೊರತೆಯನ್ನು ಕೊಂಚ ನೀಗಿಸುತ್ತದೆ. ಹಂದಿಕೂದಲಿನ ಬ್ರಷ್ ಎಣ್ಣೆ, ಬೆಣ್ಣೆಗಳನ್ನು ಚೆನ್ನಾಗಿ ಹಿಡಿದು ಸಮನಾಗಿ ಸವರುತ್ತದೆ, ನಿಜ. ಆದರೆ ಕೂದಲು ಉದುರಿ ಆಹಾರ ಸೇರಬಹುದು, ಬಿಸಿ ಕಂಬಿಗೆ ತಾಗಿದರೆ ಸುಡುತ್ತದೆ, ಬುಡದಲ್ಲಿ ಜಿಡ್ಡು ಕೂರುತ್ತದೆ. ನೈಲಾನ್ ಬ್ರಷ್ ಬಿಸಿಗೆ ಕರಗುವುದರಿಂದ ಅದನ್ನು ಕೆಂಡದ ಬಳಿ ತರದಿರುವುದೇ ಲೇಸು.

ಹಿಡಿ ಸುಮಾರು 30ರಿಂದ 45 ಸೆಂಟಿಮೀಟರ್ ಉದ್ದವಿದ್ದರೆ ಕೈಗೆ ಝಳ ಅಷ್ಟಾಗಿ ತಟ್ಟುವುದಿಲ್ಲ. ತಲೆ ಮತ್ತು ಹಿಡಿ ಕೂಡುವ ಸಂದಿಯನ್ನು ಕೊಳ್ಳುವಾಗಲೇ ಅಲುಗಾಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಸಡಿಲವಾಗುವುದು ಹೆಚ್ಚಾಗಿ ಅಲ್ಲಿಯೇ.

ಯಾವ ಸಾಧನವನ್ನು ಕೊಂಡರೂ ಎರಡು ಕೊಳ್ಳುವುದು ಕ್ಷೇಮ. ಹಸಿ ಮಾಂಸಕ್ಕೆ ತಾಗಿದ ಬ್ರಷ್ಷನ್ನು ತೊಳೆಯದೆ ಬೆಂದ ಮಾಂಸಕ್ಕೆ ಬಳಸಿದರೆ ಹಸಿ ಮಾಂಸದ ರೋಗಾಣುಗಳು ಅದರ ಮೂಲಕ ತಟ್ಟೆಗೆ ಬರುತ್ತವೆ. ಸಾಸನ್ನೂ ಮೊದಲೇ ಎರಡು ಬಟ್ಟಲುಗಳಲ್ಲಿ ಪಾಲು ಮಾಡಿಟ್ಟು, ಒಂದನ್ನು ಬೇಯುವಾಗ ಸವರಲು, ಇನ್ನೊಂದನ್ನು ಬಡಿಸುವಾಗ ಹಾಕಲು ಮೀಸಲಿಡಬೇಕು. ಸಕ್ಕರೆ ಬೇಗ ಕರಕಲಾಗುವುದರಿಂದ ಸಿಹಿ ಸಾಸನ್ನು ಕೊನೆಯ ಹತ್ತು ಹದಿನೈದು ನಿಮಿಷಗಳಲ್ಲಷ್ಟೇ, ತೆಳುವಾದ ಪದರಗಳಾಗಿ ಸವರಬೇಕು.