ಬೇರೆ ಮನೆಯ ಮಗು ನಿಮ್ಮ ಮನೆಗೆ ಬಂದಾಗ

ದಾವಣಗೆರೆಯ ನಮ್ಮ ಮನೆಗೆ ಎಂಟು ವರ್ಷದ ಲಂಬಾಣಿ ಹುಡುಗಿ ಫಾಸ್ಟರ್ ಕೇರ್‌ನಲ್ಲಿ ಬಂದು ಎರಡು ವರ್ಷ ಆಯಿತು. ಫಾಸ್ಟರ್ ಕೇರ್ ಅಂದರೆ ದತ್ತು ಅಲ್ಲ, ಹೆತ್ತವರ ಜೊತೆ ಇರಲಾಗದ ಮಗುವನ್ನು ಕೆಲಕಾಲ ಮನೆಯಲ್ಲಿ ಇಟ್ಟುಕೊಂಡು ಸಾಕುವುದು. ನೀವೂ ಮಗುವನ್ನು ಇಟ್ಟುಕೊಳ್ಳುವುದಾದರೆ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಅವರು ಮನೆ ನೋಡಿ ಹೋಗುತ್ತಾರೆ, ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಡುತ್ತದೆ.

ಕಷ್ಟ ಇರುವುದು ಆಮೇಲೆ. ಮೂರನೇ ದಿನ ಹಾಸಿಗೆ ಕೊಡವಿದಾಗ ದಿಂಬಿನ ಕೆಳಗೆ ಅರ್ಧ ರೊಟ್ಟಿ ಸಿಕ್ಕಿತು, ಒಣಗಿ ಹಪ್ಪಳದ ಹಾಗಾಗಿತ್ತು. ಬೈಯಬೇಡಿ. ಹಸಿವು ಕಂಡ ಮಗುವಿಗೆ ನಾಳೆಯ ಊಟದ ಮೇಲೆ ನಂಬಿಕೆ ಇರುವುದಿಲ್ಲ. ನಾನು ಡಬ್ಬಿ ತುಂಬ ಮಂಡಕ್ಕಿ ಅವಳ ಕೈಗೆ ಸಿಗುವ ಕಡೆ ಇಟ್ಟೆ. ಖಾಲಿಯಾಗುವ ಮುಂಚೆಯೇ ತುಂಬಿಸುತ್ತಿದ್ದೆ. ತಿಂಗಳಲ್ಲಿ ರೊಟ್ಟಿ ಬಚ್ಚಿಡುವುದು ನಿಂತಿತು.

ಇದಕ್ಕಿಂತ ಮುಖ್ಯ, ಮಗುವಿನ ಭಾಷೆ ಬಿಡಿಸಬೇಡಿ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಫಿನ್ಲೆಂಡಿನ ಸುಮಾರು 70,000 ಮಕ್ಕಳನ್ನು ಕೊರಳಿಗೆ ಹೆಸರಿನ ಚೀಟಿ ಕಟ್ಟಿ ಪಕ್ಕದ ಸ್ವೀಡನ್‌ಗೆ ಕಳಿಸಿದ್ದರು. ಎಷ್ಟೋ ಮನೆಯವರು ತಮ್ಮ ಮಕ್ಕಳ ಹಾಗೇ ಸಾಕಿದರು. ಆದರೆ ಚಿಕ್ಕವರಲ್ಲಿ ಅನೇಕರು ಫಿನ್ನಿಷ್ ಮರೆತೇಬಿಟ್ಟರು. ಊರಿಗೆ ಮರಳಿದಾಗ ಹೆತ್ತ ತಾಯಿಯ ಮಾತೇ ತಿಳಿಯಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಹುಡುಗಿಯ ತಾಯಿ ಇದ್ದಾರೆ, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾರೆ. ವಾರಕ್ಕೊಮ್ಮೆ ಫೋನ್ ಹಚ್ಚಿ ಕೊಟ್ಟು ನಾನು ಅಡುಗೆಮನೆಗೆ ಹೋಗುತ್ತೇನೆ. ತಾಯಿ ಮಗಳು ತಮ್ಮ ಮಾತಲ್ಲೇ ಆಡಿಕೊಳ್ಳಲಿ. ಅವರನ್ನು ಅವಳು ‘ಯಾಡಿ’ ಅನ್ನುತ್ತಾಳೆ. ನನ್ನನ್ನು ಅಮ್ಮ ಅನ್ನು ಅಂತ ನಾನು ಯಾವತ್ತೂ ಹೇಳಲಿಲ್ಲ. ದೊಡ್ಡಮ್ಮ ಅಂದರೆ ಸಾಕು, ಅಲ್ವಾ?